ಪಾಯ ಏಳುವಾಗಲೇ ಕೇಳಬೇಕಾದ ಪ್ರಶ್ನೆ: ಕಟ್ಟಡ ಕಾಮಗಾರಿ ತಡೆಯುವ ಪಾಲಿಕೆಯ ಅಧಿಕಾರ

ಮುಂಬಯಿ: ಮಹಾನಗರದಲ್ಲಿ ಹಳೆಯ ಚಾಳ್‌ಗಳು ನೆಲಸಮವಾಗಿ ಆ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಏಳುತ್ತಿವೆ. ಪಕ್ಕದ ಕಾಮಗಾರಿಯ ಧೂಳು, ಸದ್ದಿನಿಂದ ಬೇಸತ್ತವರು ಒಂದೆಡೆ. ಜೀವಮಾನದ ಉಳಿತಾಯ ಸುರಿದು ಹೊಸ ಫ್ಲ್ಯಾಟ್ ಬುಕ್ ಮಾಡಿ ಕಾಯುತ್ತಿರುವವರು ಇನ್ನೊಂದೆಡೆ. ಇಲ್ಲಿನ ತುಳು-ಕನ್ನಡಿಗರಲ್ಲಿ ಈ ಎರಡೂ ಬಗೆಯವರು ಇದ್ದಾರೆ. ನಡೆಯುತ್ತಿರುವ ಕಾಮಗಾರಿಯನ್ನು ತಡೆಯುವ ಅಧಿಕಾರ ಪಾಲಿಕೆಗೆ ಎಷ್ಟಿದೆ, ಅದು ಯಾವಾಗ ಪ್ರಯೋಜನಕ್ಕೆ ಬರುತ್ತದೆ ಎಂಬುದು ಇಬ್ಬರಿಗೂ ತಿಳಿದಿರಬೇಕಾದ ವಿಚಾರ.

2024ರ ಡಿಸೆಂಬರ್ ಕೊನೆಯಲ್ಲಿ ಬೃಹನ್ಮುಂಬಯಿ ಮಹಾನಗರ ಪಾಲಿಕೆಯು ಬೈಕಲಾ ಮತ್ತು ಬೊರಿವಲಿ ಪೂರ್ವದಲ್ಲಿ ಎಲ್ಲ ಕಟ್ಟಡ ಕಾಮಗಾರಿಗಳನ್ನು ನಿಲ್ಲಿಸಲು ಆದೇಶಿಸಿತು. ಅಲ್ಲಿ ವಾಯು ಗುಣಮಟ್ಟ ಸೂಚ್ಯಂಕ 200ರ ಗಡಿ ದಾಟಿದ್ದೇ ಕಾರಣ. ಆದೇಶ ಮೀರಿದರೆ ಪೊಲೀಸ್ ಪ್ರಕರಣ ದಾಖಲಿಸುವುದಾಗಿ ಎಚ್ಚರಿಸಲಾಯಿತು. ಪರವಾನಿಗೆ ಪಡೆದಿದ್ದ ಕಾಮಗಾರಿಗಳೂ ಈ ಆದೇಶದಿಂದ ಹೊರತಾಗಿರಲಿಲ್ಲ ಎಂಬುದು ಗಮನಾರ್ಹ. ಅಂದರೆ ಪರವಾನಿಗೆ ಇದ್ದ ಮಾತ್ರಕ್ಕೆ ಊರಿನ ಆರೋಗ್ಯ ಕೆಡಿಸುವ ಹಕ್ಕು ಬಿಲ್ಡರ್‌ಗೆ ಬರುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಕಾಮಗಾರಿಯನ್ನು ತಡೆಯಲು ಮುಖ್ಯವಾಗಿ ಎರಡು ಕಾರಣಗಳಿವೆ. ಒಂದು, ಅದು ಅನಧಿಕೃತವಾಗಿರುವುದು. ಇನ್ನೊಂದು, ಅದರಿಂದ ಸಾರ್ವಜನಿಕರಿಗೆ ಉಪದ್ರವವಾಗುವುದು.

ಮೊದಲನೆಯದಕ್ಕೆ 1888ರ ಮುಂಬಯಿ ಮಹಾನಗರ ಪಾಲಿಕೆ ಕಾಯ್ದೆಯ 354ಎ ಕಲಂ ಆಧಾರ. ಪರವಾನಿಗೆಯಿಲ್ಲದೆ ಅಥವಾ ಪರವಾನಿಗೆ ಮೀರಿ ನಡೆಯುವ ಕೆಲಸವನ್ನು ತಕ್ಷಣ ನಿಲ್ಲಿಸುವಂತೆ ಪಾಲಿಕೆ ನೋಟೀಸ್ ಕೊಡಬಹುದು. ಪರವಾನಿಗೆ ಪತ್ರ ತೋರಿಸಲು ಸಿಗುವ ಅವಧಿ 24 ಗಂಟೆ ಮಾತ್ರ. ಕಟ್ಟಿ ಮುಗಿಸಿದ್ದಕ್ಕೆ 351ನೇ ಕಲಂನ ನೋಟೀಸ್ ಬರುತ್ತದೆ. ಉತ್ತರಕ್ಕೆ ಏಳು ದಿನಗಳ ಗಡುವು. ಅಡುಗೆ ಮನೆಯ ಹಿಂದೆ ಶೆಡ್ ಇಳಿಸಿದ ಹೋಟೆಲ್ ಮಾಲಕರಿಗೆ ಈ 351 ಹೊಸ ಹೆಸರೇನಲ್ಲ.

ಎರಡನೆಯದು ಸಾರ್ವಜನಿಕ ಉಪದ್ರವ. ಇದರ ವ್ಯಾಖ್ಯೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 270ನೇ ಕಲಂನಲ್ಲಿದೆ. ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ, ಅಂದರೆ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ, ಬೆಂಕಿ ಅಥವಾ ಸ್ಫೋಟಕ್ಕೆ ಕಾರಣವಾಗಬಲ್ಲ ಕಟ್ಟಡದ ನಿರ್ಮಾಣವನ್ನು ತಡೆಯುವ ಅಧಿಕಾರವನ್ನು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಕೊಡುತ್ತದೆ. ಪಾಲಿಕೆಯೇ ಕೈಕಟ್ಟಿ ಕುಳಿತರೆ? 1980ರ ರತ್ಲಾಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಣವಿಲ್ಲ ಎಂಬ ನೆಪ ಹೇಳಿ ನಗರಸಭೆ ತನ್ನ ಕರ್ತವ್ಯದಿಂದ ನುಣುಚಿಕೊಳ್ಳುವಂತಿಲ್ಲ ಎಂದು ಸ್ಪಷ್ಟಪಡಿಸಿದೆ.

ಉಡುಪಿಯಿಂದ ಬಂದ ತೀರ್ಪು

ಈ ವಿಷಯದಲ್ಲಿ ದೇಶದ ನ್ಯಾಯಾಲಯಗಳು ಇಂದಿಗೂ ಉಲ್ಲೇಖಿಸುವ ತೀರ್ಪೊಂದು ನಮ್ಮ ಉಡುಪಿಯದ್ದು. ವಸತಿ ಪ್ರದೇಶದಲ್ಲಿ ಕಲ್ಯಾಣ ಮಂಟಪಕ್ಕೆಂದು ಪರವಾನಿಗೆ ಪಡೆದ ಕಟ್ಟಡವನ್ನು ಸಿನೆಮಾ ಮಂದಿರವಾಗಿ ಬದಲಿಸಲು ಅಲ್ಲಿನ ಪುರಸಭೆ ಒಪ್ಪಿಗೆ ನೀಡಿತ್ತು. ಪರಿಸರದ ನಿವಾಸಿಯೊಬ್ಬರು ನ್ಯಾಯಾಲಯದ ಮೆಟ್ಟಿಲೇರಿದರು. ಒಪ್ಪಿಗೆ ನಗರ ಯೋಜನೆಗೆ ವಿರುದ್ಧವಾಗಿದ್ದರೂ, ಕಟ್ಟಿದವರು ಹಣ ಖರ್ಚು ಮಾಡಿರಬಹುದೆಂಬ ಕಾರಣಕ್ಕೆ ಹೈಕೋರ್ಟ್ ಅದನ್ನು ರದ್ದು ಮಾಡಲಿಲ್ಲ. 1974ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಹಣ ಸುರಿದ ಮಾತ್ರಕ್ಕೆ ಅಕ್ರಮ ಸಕ್ರಮವಾಗದು. ನಗರ ಯೋಜನೆಯನ್ನು ಕಾಪಾಡುವುದು ಪುರಸಭೆಯ ಹೊಣೆ. ಅದು ತಪ್ಪಿದಾಗ ಅಲ್ಲಿನ ನಿವಾಸಿಗೆ ಪ್ರಶ್ನಿಸುವ ಹಕ್ಕಿದೆ ಎಂಬುದು ಆ ತೀರ್ಪಿನ ಸಾರ.

ತಡವಾದರೆ ಯಾರಿಗೆ ನಷ್ಟ?

ಇದಕ್ಕೆ ಉತ್ತರ ವರ್ಲಿಯ ಕ್ಯಾಂಪಾ ಕೋಲಾ ಆವರಣದಲ್ಲಿದೆ. ಅಲ್ಲಿ ಪರವಾನಿಗೆ ಮೀರಿ ಮಹಡಿಗಳು ಏಳುತ್ತಿದ್ದಾಗ, 1984ರಲ್ಲೇ ಕೆಲಸ ನಿಲ್ಲಿಸುವಂತೆ ಪಾಲಿಕೆ ನೋಟೀಸ್ ನೀಡಿತ್ತು. ಆದರೂ ಕೆಲಸ ಮುಂದುವರಿಯಿತು, ಫ್ಲ್ಯಾಟುಗಳು ಮಾರಾಟವಾದವು, ಸಂಸಾರಗಳು ಬಂದು ನೆಲೆಸಿದವು. 2013ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅಕ್ರಮ ಮಹಡಿಗಳಿಗೆ ರಕ್ಷಣೆ ನಿರಾಕರಿಸಿತು. 2014ರ ಜೂನ್‌ನಲ್ಲಿ ಪಾಲಿಕೆ ಆ ಫ್ಲ್ಯಾಟುಗಳ ನೀರು, ಗ್ಯಾಸ್, ವಿದ್ಯುತ್ ಸಂಪರ್ಕ ಕಡಿತಗೊಳಿಸಿತು. ಖರೀದಿದಾರರಿಗೆ ಉಳಿದ ದಾರಿ ಬಿಲ್ಡರ್‌ಗಳ ಮೇಲೆ ದಾವೆ ಹೂಡುವುದೊಂದೇ. ನೋಟೀಸ್ ಕಾಗದದಲ್ಲೇ ಉಳಿದ ತಪ್ಪಿಗೆ ಸುಮಾರು ಮೂವತ್ತು ವರ್ಷಗಳ ಬಳಿಕ ದಂಡ ತೆತ್ತವರು ಅಲ್ಲಿ ಮನೆ ಮಾಡಿಕೊಂಡವರು.

ಸೊಸೈಟಿಗಳು ಏನು ಮಾಡಬಹುದು?

2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮಂಜೂರಾದ ನಕ್ಷೆಯನ್ನು ಕಾಮಗಾರಿ ಮುಗಿಯುವ ತನಕ ಸ್ಥಳದಲ್ಲೇ ಪ್ರದರ್ಶಿಸಬೇಕೆಂದು ಆದೇಶಿಸಿದೆ. ಹಾಗಾಗಿ ಗೇಟಿನ ಬಳಿ ನಿಂತು ನಕ್ಷೆ ಎಲ್ಲಿದೆ ಎಂದು ಯಾರೂ ಕೇಳಬಹುದು. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ಬಳಸುವಂತಿಲ್ಲ. ದೂರು ನೀಡುವಾಗ ದಿನಾಂಕ, ಸಮಯ, ಫೋಟೋ ಸಹಿತ ವಾರ್ಡ್ ಕಚೇರಿಗೆ ಬರಹದಲ್ಲಿ ಸಲ್ಲಿಸಿ, ಸ್ವೀಕೃತಿಯ ಮೊಹರು ಪಡೆಯುವುದು ಉತ್ತಮ. ಸಾರ್ವಜನಿಕ ಉಪದ್ರವದ ವಿರುದ್ಧ ಇಬ್ಬರು ಅಥವಾ ಹೆಚ್ಚು ಮಂದಿ ನ್ಯಾಯಾಲಯದ ಅನುಮತಿ ಪಡೆದು ಸಿವಿಲ್ ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೇ ಕಲಂ ಅವಕಾಶ ನೀಡುತ್ತದೆ. ತಮಗೆ ವಿಶೇಷ ನಷ್ಟವಾಗಿದೆ ಎಂದು ಸಾಬೀತು ಮಾಡಬೇಕಾಗಿಲ್ಲ.

ಆದರೆ ಈ ಅಸ್ತ್ರ ವೈಯಕ್ತಿಕ ಹಗೆ ತೀರಿಸಲು ಇರುವುದಲ್ಲ. ಎದುರು ಕಟ್ಟಡದಿಂದ ತನ್ನ ಕಿಟಕಿಯ ನೋಟ ಮರೆಯಾಯಿತು ಎಂಬುದು ಸಾರ್ವಜನಿಕ ಉಪದ್ರವವಾಗದು. ಕಟ್ಟಿದವರಿಗೂ ಹಕ್ಕುಗಳಿವೆ. ಸಾರ್ವಜನಿಕ ಜಾಗದ ಅತಿಕ್ರಮಣದಂಥ ಪ್ರಕರಣಗಳನ್ನು ಬಿಟ್ಟರೆ, ಕೆಡವುವ ಮುನ್ನ ಕನಿಷ್ಠ 15 ದಿನಗಳ ನೋಟೀಸ್ ನೀಡಿ ಅಹವಾಲು ಕೇಳಲೇಬೇಕೆಂದು 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಹೇಳಿದೆ.

ಊರಿನ ಗದ್ದೆ ಮಾರಿ ಇಲ್ಲಿ ಒಂದು ಬಿಎಚ್‌ಕೆ ಕೊಳ್ಳುವ ಕುಟುಂಬಕ್ಕೆ ಎಂಟನೇ ಮಹಡಿಗೆ ಪರವಾನಿಗೆ ಇದೆಯೇ ಎಂಬ ಪ್ರಶ್ನೆ ಹೊಳೆಯದೆ ಇರಬಹುದು. ಆದರೆ ನಮ್ಮ ಸಂಘ-ಸಂಸ್ಥೆಗಳಲ್ಲಿ ವಕೀಲರಿದ್ದಾರೆ, ಎಂಜಿನಿಯರರಿದ್ದಾರೆ, ಸೊಸೈಟಿ ಪದಾಧಿಕಾರಿಗಳಾಗಿ ಅನುಭವ ಇರುವವರಿದ್ದಾರೆ. ವಾರ್ಷಿಕೋತ್ಸವ, ಆರೋಗ್ಯ ಶಿಬಿರಗಳ ಜತೆಗೆ ವರ್ಷಕ್ಕೊಮ್ಮೆ ಕಟ್ಟಡ ಕಾನೂನು ಮಾಹಿತಿ ಶಿಬಿರವನ್ನೂ ಏರ್ಪಡಿಸಿದರೆ ಸದಸ್ಯರಿಗೆ ಬಹಳ ಪ್ರಯೋಜನವಾದೀತು. ಪಾಯದ ಹಂತದಲ್ಲಿ ಒಂದು ಅರ್ಜಿ ಮಾಡುವ ಕೆಲಸವನ್ನು, ಗೃಹಪ್ರವೇಶ ಮುಗಿದ ಮೇಲೆ ಹತ್ತು ವರ್ಷಗಳ ಕೋರ್ಟು ಅಲೆದಾಟವೂ ಮಾಡಲಾರದು.