ಗುರಿಕಾರನ ಪ್ರಯಾಣ

ಪಿಟೀಲು ವಿದ್ವಾಂಸರು ಪರಸ್ಥಳದ ಕಚೇರಿಗೆ ಹೊರಟರೆ ವಾದ್ಯವನ್ನು ಕೈಯಲ್ಲಿ ಹಿಡಿದು ರೈಲು ಹತ್ತಿದರೆ ಮುಗಿಯಿತು. ಗುರಿಕಾರನ ವಾದ್ಯ ಬಂದೂಕು. ಅದು ಗಡಿ ದಾಟಬೇಕಾದರೆ ಅವನಿಗೊಂದು ರಹದಾರಿ ಇದ್ದರೆ ಸಾಲದು, ಅದಕ್ಕೂ ಒಂದು ಬೇಕು.

ಈ ಬಿಗಿಗೆ ಕಾರಣವಿಲ್ಲದಿಲ್ಲ. 1996ರ ಮಾರ್ಚಿಯಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಊರಿನ ಶಾಲೆಗೆ ನುಗ್ಗಿದವನೊಬ್ಬ 16 ಮಕ್ಕಳನ್ನೂ ಅವರ ಉಪಾಧ್ಯಾಯಿನಿಯನ್ನೂ ಕೊಂದ. ಅವನ ಪಿಸ್ತೂಲುಗಳಿಗೆ ಪರವಾನಗಿ ಇತ್ತು! 1997ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಎರಡು ಶಾಸನಗಳನ್ನು ಮಾಡಿತು. ಮೊದಲನೆಯದು ದೊಡ್ಡ ಪಿಸ್ತೂಲುಗಳನ್ನು ತೆಗೆದುಹಾಕಿತು; ಎರಡನೆಯದು ಪಂದ್ಯಗಳಲ್ಲಿ ಬಳಸುವ ಸಣ್ಣವನ್ನೂ ಬಿಡಲಿಲ್ಲ. ಅಲ್ಲಿನ ಪಿಸ್ತೂಲು ಪಟುಗಳು ಅಭ್ಯಾಸಕ್ಕೂ ಪರದೇಶಕ್ಕೆ ಹೋಗಬೇಕಾಯಿತು. 2012ರ ಲಂಡನ್ ಒಲಿಂಪಿಕ್ಸಿಗಾಗಿ ಸರ್ಕಾರ ವಿಶೇಷ ಅನುಮತಿ ಕೊಟ್ಟಿತು. ನಮ್ಮ ವಿಜಯ್ ಕುಮಾರ್ 25 ಮೀಟರ್ ಪಿಸ್ತೂಲು ಪಂದ್ಯದಲ್ಲಿ ಬೆಳ್ಳಿ ಪದಕ ಗೆದ್ದದ್ದು ಆಗಲೇ.

ರೈಫಲ್ಲಿನೊಡನೆ ಬ್ರಿಟನ್ನಿಗೆ ಹೋಗುವವನ ಪರವಾಗಿ ಅಲ್ಲಿನ ನಿವಾಸಿಯೊಬ್ಬರು ಮುಂಚಿತವಾಗಿ ಪೊಲೀಸರಿಗೆ ಅರ್ಜಿ ಹಾಕಿ ಸಂದರ್ಶಕರ ಪರವಾನಗಿ ಪಡೆಯಬೇಕು. ನಮ್ಮಲ್ಲಿಯೂ 1959ರ ಆಯುಧ ಕಾಯಿದೆಯ ಪ್ರಕಾರ ಲೈಸೆನ್ಸಿಲ್ಲದೆ ಆಯುಧವನ್ನು ಸಾಮಾನ್ಯವಾಗಿ ದೇಶದೊಳಕ್ಕೆ ತರುವಂತಿಲ್ಲ, ಹೊರಕ್ಕೆ ಒಯ್ಯುವಂತಿಲ್ಲ.

ವಿಮಾನದ ಕಟ್ಟಳೆ ಇನ್ನೂ ಸೂಕ್ಷ್ಮ. ಬರಿದು ಮಾಡಿದ ಬಂದೂಕು ಬೀಗದ ಪೆಟ್ಟಿಗೆಯಲ್ಲಿ ಸಾಮಾನಿನ ಕೋಣೆಗೆ ಹೋಗಬೇಕು. ತೋಟಾಗಳು, ವಿಮಾನ ಕಂಪನಿ ಒಪ್ಪಿದರೆ, ಒಬ್ಬರಿಗೆ ಕಟ್ಟು ಸಮೇತ 5 ಕಿಲೋ ಮಾತ್ರ. ಇಬ್ಬರ ಪಾಲನ್ನು ಒಂದೇ ಕಟ್ಟಿನಲ್ಲಿ ಸೇರಿಸುವಂತಿಲ್ಲ. ಅಂಚೆಯಲ್ಲಿ ಕಳುಹಿಸೋಣವೆಂದರೆ ಅಂತರರಾಷ್ಟ್ರೀಯ ಅಂಚೆಯಲ್ಲಿ ತೋಟಾಗಳಿಗೆ ಪ್ರವೇಶವೇ ಇಲ್ಲ.

ಆದುದರಿಂದ ಬಂದೂಕಿನ ಮೇಲಿನ ಸಂಖ್ಯೆಯೂ ಕಾಗದದ ಸಂಖ್ಯೆಯೂ ಒಂದೇ ಎಂದು ಮನೆಯಲ್ಲಿಯೇ ನೋಡಿಕೊಳ್ಳುವುದು ಲೇಸು. ಒಂದು ಅಂಕಿ ತಪ್ಪಿದರೂ ವರ್ಷಗಳ ಸಾಧನೆ ಸುಂಕದ ಕಟ್ಟೆಯಲ್ಲೇ ನಿಂತೀತು.