ಆಟದ ರೈಲು, ನಿಜದ ರೈಲು

ರೈಲನ್ನು ಕಂಡು ಕೈ ಬೀಸದ ಮಗುವಿಲ್ಲ. ಆಟದ ರೈಲನ್ನು ಕಂಡು ಕ್ಷಣಕಾಲ ಮಗುವಾಗದ ಹಿರಿಯರೂ ವಿರಳ. ಕಲಬುರಗಿಯ ಸೀಮೆಗಂತೂ ರೈಲಿನ ನಂಟು ಹಳೆಯದು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿಗಳು ಈ ನೆಲವನ್ನು ಹಾದು 1871ರಲ್ಲಿ ರಾಯಚೂರನ್ನು ಮುಟ್ಟಿ, ಮದರಾಸಿನ ಕಡೆಯಿಂದ ಬಂದ ಹಳಿಗಳೊಡನೆ ಕೂಡಿಕೊಂಡವು. ಕಮಲಾಪುರದ ಜನರು ಮಾತ್ರ ಬಹುಕಾಲ ಕಾಯಬೇಕಾಯಿತು. 110 ಕಿಲೋಮೀಟರುಗಳ ಬೀದರ–ಕಲಬುರಗಿ ಮಾರ್ಗದ ಉದ್ಘಾಟನೆಯಾದುದು 2017ರ ಅಕ್ಟೋಬರ್ 29ರಂದು. ಇಂದು ಕೋಟನೂರಿನ ಬಾಲಕನಿಗೆ ರೈಲು ಬೆರಗಿನ ವಸ್ತುವೇನಲ್ಲ. ಆದರೆ ಅವನ ಕೈಗೊಂದು ಆಟದ ರೈಲು ಕೊಟ್ಟು ನೋಡಿ, ಪ್ರಶ್ನೆಗಳ ಸುರಿಮಳೆಯಾಗುವುದು! ಅವುಗಳಲ್ಲಿ ಕೆಲವಕ್ಕೆ ಇಲ್ಲಿದೆ ಉತ್ತರ.

ಸ್ಕೇಲ್ ಎಂದರೇನು, ಗೇಜ್ ಎಂದರೇನು?

ನಿಜವಾದ ಬಂಡಿಯನ್ನು ಎಷ್ಟು ಪಾಲು ಕುಗ್ಗಿಸಲಾಗಿದೆ ಎಂಬುದು ಸ್ಕೇಲ್. ಎರಡು ಹಳಿಗಳ ನಡುವಣ ಅಂತರವೇ ಗೇಜ್. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ 'ಎಚ್‌ಓ' ಮಾದರಿಯು ನಿಜದ 87ನೆಯ ಒಂದು ಪಾಲು. ಅದರ ಹಳಿಗಳ ಅಂತರ 16.5 ಮಿಲಿಮೀಟರ್. ಯುರೋಪ್ ಅಮೆರಿಕಗಳ 1,435 ಮಿಲಿಮೀಟರ್ ಹಳಿಗೆ ಈ ಲೆಕ್ಕ ಸರಿಹೊಂದುತ್ತದೆ. ನಮ್ಮ ಬ್ರಾಡ್‌ಗೇಜ್ ಆದರೋ 1,676 ಮಿಲಿಮೀಟರ್! ಅದನ್ನು ನಿಷ್ಠೆಯಿಂದ ಕುಗ್ಗಿಸಿದರೆ 19 ಮಿಲಿಮೀಟರಿಗೂ ತುಸು ಹೆಚ್ಚಾಗುವುದು. ಆದುದರಿಂದ ಭಾರತದ ಬಂಡಿಯ ಮಾದರಿಯನ್ನು ವಿದೇಶೀ ಹಳಿಯ ಮೇಲೆ ನಿಲ್ಲಿಸಿದಾಗ, ಒಡಲು ಅಗಲವಾಗಿ ಕಾಲುಗಳು ಕಿರಿದಾಗಿ ಕಾಣುವುದು ಸಹಜ.

ಇದೇ ಸ್ಕೇಲಿನಲ್ಲಿ ಬೀದರ–ಕಲಬುರಗಿ ಮಾರ್ಗವನ್ನು ಹಾಸಹೊರಟವನಿಗೆ ಸುಮಾರು 1,264 ಮೀಟರ್ ಹಳಿ ಬೇಕು. ಹೊಸಬರು ನಿರಾಶರಾಗಬೇಕಿಲ್ಲ, ಎಂಟಡಿ ಉದ್ದ, ನಾಲ್ಕಡಿ ಅಗಲದ ಹಲಗೆಯೊಂದು ಆರಂಭಕ್ಕೆ ಧಾರಾಳವಾಯಿತು.

ಮನೆಯ ರೈಲು ಅಷ್ಟು ಚಿಕ್ಕ ಸುತ್ತಿನಲ್ಲಿ ತಿರುಗುವುದು ಹೇಗೆ?

ಇಲ್ಲಿ ಮಾದರಿಯು ಸತ್ಯಕ್ಕೆ ಕೊಂಚ ದ್ರೋಹ ಬಗೆಯುತ್ತದೆ. ಆಟದ ಹಳಿಯ ತಿರುವಿನ ತ್ರಿಜ್ಯ 36 ಸೆಂಟಿಮೀಟರ್ ಇರಬಹುದು. ಹಿಗ್ಗಿಸಿದರೆ ಅದು 31 ಮೀಟರ್. ಭಾರತದ ಬ್ರಾಡ್‌ಗೇಜ್ ಮಾರ್ಗದಲ್ಲಾದರೆ ಅತ್ಯಂತ ಬಿರುಸಾದ ತಿರುವಿಗೂ 175 ಮೀಟರ್ ತ್ರಿಜ್ಯ ಬೇಕು.

ತಿರುಗಿಸಲು ಚಾಲಕನ ಬಳಿ ಚಕ್ರವಿಲ್ಲವಲ್ಲ ಎಂಬುದು ಮತ್ತೊಂದು ಸಂದೇಹ. ರೈಲಿನ ಗಾಲಿಯ ಅಂಚು ತುಸು ಇಳಿಜಾರಾಗಿರುವುದರಿಂದ, ತಿರುವಿನಲ್ಲಿ ಹೊರಗಿನ ಗಾಲಿ ದೊಡ್ಡ ಸುತ್ತಿನ ಮೇಲೂ ಒಳಗಿನದು ಚಿಕ್ಕ ಸುತ್ತಿನ ಮೇಲೂ ಉರುಳಿ, ಬಂಡಿ ತಾನಾಗಿ ಹೊರಳುತ್ತದೆ. ಒಳಬದಿಯ ಏಣು ಕಟ್ಟಕಡೆಯ ಕಾವಲುಗಾರ.

ಎರಡರಲ್ಲೂ ವಿದ್ಯುತ್ ಇದೆ, ಭೇದವೇನು?

ಆಟದ ರೈಲಿಗೆ ಹಳಿಗಳಿಂದಲೇ ಸುಮಾರು 12 ವೋಲ್ಟ್ ದೊರೆಯುತ್ತದೆ. ಒಂದು ಹಳಿ ಧನ, ಮತ್ತೊಂದು ಋಣ; ಅವನ್ನು ಅದಲುಬದಲು ಮಾಡಿದರೆ ಬಂಡಿ ಹಿಮ್ಮುಖವಾಗಿ ಓಡುವುದು. ಹಳಿಯ ಮೇಲಿನ ಧೂಳೇ ಅದರ ಶತ್ರು. ಬೇಸಗೆಯಲ್ಲಿ ಮೆತ್ತನೆಯ ಬಟ್ಟೆಯಿಂದ ಆಗಾಗ ಒರಸುತ್ತಿರಬೇಕು. ನಿಜದ ಮಾರ್ಗದಲ್ಲಿ ತಲೆಯ ಮೇಲಿನ ತಂತಿಯಲ್ಲಿರುವುದು 25,000 ವೋಲ್ಟ್. ಅದನ್ನು ಮುಟ್ಟಬೇಕೆಂದೇ ಇಲ್ಲ, ತೀರ ಸಮೀಪಿಸಿದರೂ ಪ್ರಾಣಾಪಾಯ. ನಿಂತ ಬಂಡಿಯ ಮೇಲೇರುವುದು, ತಂತಿಗೆ ಸಿಲುಕಿದ ಗಾಳಿಪಟವನ್ನು ಕೋಲಿನಿಂದ ಬಿಡಿಸುವುದು ಸಾವನ್ನು ಕರೆದಂತೆಯೇ ಸರಿ.

ರೈಲು ಥಟ್ಟನೆ ಏಕೆ ನಿಲ್ಲದು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಗುಂಡಿ ತಿರುಗಿಸಿದೊಡನೆ ಆಟದ ರೈಲು ಗೇಣುದ್ದದಲ್ಲಿ ನಿಲ್ಲುತ್ತದೆ. ಮಗುವಿನ ಮನಸ್ಸಿನಲ್ಲಿ ಆ ಚಿತ್ರವೇ ಉಳಿಯುತ್ತದೆ. ಉಕ್ಕಿನ ಮೇಲೆ ಉಕ್ಕು ಉರುಳುವಾಗ ಘರ್ಷಣೆ ಅತ್ಯಲ್ಪ. ಒಂದೇ ಎಂಜಿನು ಸಾವಿರಾರು ಟನ್ ಎಳೆಯಬಲ್ಲುದಕ್ಕೆ ಈ ಗುಣವೇ ಕಾರಣ. ಥಟ್ಟನೆ ನಿಲ್ಲಲಾಗದಿರುವುದಕ್ಕೂ ಇದೇ ಕಾರಣ. ಗಂಟೆಗೆ ನೂರು ಕಿಲೋಮೀಟರ್ ವೇಗದ ರೈಲು ನಿಲ್ಲಲು ಸುಮಾರು ಒಂದು ಕಿಲೋಮೀಟರ್ ಬೇಕಾಗಬಹುದು. ಮಾದರಿಯ ಲೆಕ್ಕಕ್ಕೆ ಇಳಿಸಿದರೆ ಅದು ಹನ್ನೊಂದೂವರೆ ಮೀಟರ್. ಮನೆಯ ರೈಲು ನಿಜಕ್ಕೆ ನಿಷ್ಠವಾಗಿದ್ದರೆ ನಡುಮನೆಯ ಗೋಡೆಯನ್ನು ದಾಟಿ ಬೀದಿಯಲ್ಲಿ ನಿಲ್ಲುತ್ತಿತ್ತು!

ಚಾಲಕನು ಹಳಿಯ ಮೇಲಿನ ಮನುಷ್ಯನನ್ನು ಕಂಡು ಬ್ರೇಕ್ ಹಾಕುವ ಹೊತ್ತಿಗೆ, ಬಹುಪಾಲು ಕಾಲ ಮಿಂಚಿಹೋಗಿರುತ್ತದೆ. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿಯ ವೇಳೆಗೆ ತೆಗೆದುಹಾಕಲಾಯಿತು. ಆದರೆ ಕಾಲುದಾರಿಯ ಆಸೆಯಿಂದ ಹಳಿ ದಾಟುವವರ ಅವಸರವನ್ನು ಯಾವ ಗೇಟು ತಡೆದೀತು? ಹೀಗೆ ದಾಟುವುದು 1989ರ ರೈಲ್ವೆ ಕಾಯಿದೆಯ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಸೆರೆವಾಸವೂ ಆಗಬಹುದು.

ನೋಡಬಯಸುವವರು ಎಲ್ಲಿಗೆ ಹೋಗಬೇಕು?

1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಎಂಜಿನುಗಳನ್ನು ಹತ್ತಿರದಿಂದ ಕಾಣಬಹುದು. ಮಾದರಿ ರೈಲುಗಳ ಆಸಕ್ತರಿಗೆ ಪುಣೆಯ ಜೋಶಿಯವರ ಕಿರುರೈಲು ಸಂಗ್ರಹಾಲಯವಿದೆ. ಅದು 1998ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಕಲಬುರಗಿಯಿಂದ ಸೊಲ್ಲಾಪುರದ ಮಾರ್ಗವಾಗಿ ನೇರವಾಗಿ ರೈಲಿನಲ್ಲೇ ಹೋಗಿಬರಬಹುದೆಂಬುದು ವಿಶೇಷ.

ಮಗುವಿಗೆ ಆಟದ ರೈಲು ಕೊಡಿಸುವ ತಾಯಿತಂದೆಯರು ಅದರೊಡನೆ ಒಂದು ಮಾತನ್ನೂ ಸೇರಿಸಿ ಕೊಡಲಿ: ಈ ರೈಲು ನಿನ್ನ ಕೈಯ ಮಾತು ಕೇಳುತ್ತದೆ, ಹೊರಗಿನದು ಕೇಳುವುದಿಲ್ಲ. ಅದಕ್ಕೆ ದಾರಿ ಬಿಟ್ಟು ನಿಂತು ಕೈ ಬೀಸುವುದೇ ಚೆಂದ.