ಅರ್ಜಿಯಲ್ಲಿ ಜೀವಶಾಸ್ತ್ರ ಬಿಡಬೇಡಿ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತೆಂದರೆ ಸಿಂದಗಿಯ ನಮ್ಮ ಮನೆಯ ಪಡಸಾಲೆ ತುಂಬುತ್ತದೆ. ಇಪ್ಪತ್ತೆಂಟು ವರ್ಷ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವನು ನಾನು. ನಿವೃತ್ತನಾದರೂ ಜನ ಕೇಳಿಕೊಂಡು ಬರುತ್ತಾರೆ. ಕಳೆದ ಬೇಸಿಗೆಯಲ್ಲಿ ಇಂಡಿ ಕಡೆಯ ತಾಯಿಯೊಬ್ಬರು ಮಗಳನ್ನು ಕರೆತಂದಿದ್ದರು.

“ಸರ, ಇಕಿ ದನದ ಡಾಕ್ಟರ್ ಆಗ್ತೀನಿ ಅಂತಾಳ್ರಿ. ಯಾವ ಕಾಲೇಜ್ ಚಲೋ?”

ಹುಡುಗಿಯ ಕೈಯಲ್ಲಿದ್ದ ಪಿಯು ಅರ್ಜಿ ನೋಡಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್. “ಇದನ್ನ ಕೊಟ್ರ ದನದ ಡಾಕ್ಟರ್ ಆಗೂದು ಇಲ್ಲಿಗೇ ಮುಗೀತವಾ” ಎಂದೆ. ಕಂಪ್ಯೂಟರ್ ಹೊಡೆದು ಜೀವಶಾಸ್ತ್ರ ಬರೆಸಿದೆ.

ನಮ್ಮ ಮಕ್ಕಳು ಸೋಲುವುದು ಇಲ್ಲೇ. ಕಾಲೇಜಿನ ಆಯ್ಕೆ ಸಿಇಟಿ ಮುಗಿದ ಮೇಲಿನ ಮಾತು ಎಂದುಕೊಳ್ಳುತ್ತಾರೆ. ಅರ್ಧ ಆಯ್ಕೆ ಪಿಯು ಅರ್ಜಿಯಲ್ಲೇ ಆಗಿಹೋಗಿರುತ್ತದೆ. ಪಿಸಿಎಂಬಿ ತೆಗೆದುಕೊಂಡರೆ ಐದೂವರೆ ವರ್ಷದ ಪಶುವೈದ್ಯ ಪದವಿ, ನಾಲ್ಕು ವರ್ಷದ ಬಿ.ಎಸ್ಸಿ. ಕೃಷಿ, ಕೃಷಿ ಇಂಜಿನಿಯರಿಂಗ್ ಮೂರಕ್ಕೂ ದಾರಿ ಇರುತ್ತದೆ.

ಇನ್ನು ಊರಿನ ಮಾತು. ಕೃಷಿ ಪದವಿಗೆ ದೂರ ಹೋಗಬೇಕಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜು ವಿಜಯಪುರದ ಹಿಟ್ಟಿನಹಳ್ಳಿ ಫಾರ್ಮಿನಲ್ಲೇ ಇದೆ. ಅಲ್ಲಿ ಕಲಿಯುವುದು ನಮ್ಮ ಯರಿ ಹೊಲದಲ್ಲೇ, ನಮ್ಮ ಹಿಂಗಾರಿ ಜೋಳದ ನಡುವೆಯೇ. ಲಿಂಬೆ, ದ್ರಾಕ್ಷಿ ಬೆಳೆಯುವ ಮನೆಯ ಮಕ್ಕಳಿಗೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಅದು 2008ರಲ್ಲಿ ಶುರುವಾಯಿತು. ಪಶುವೈದ್ಯಕ್ಕೆ ಬೀದರಿನ ವಿಶ್ವವಿದ್ಯಾಲಯದಡಿ ಬೀದರ್, ಹೆಬ್ಬಾಳ, ಹಾಸನ, ಶಿವಮೊಗ್ಗ, ಗದಗದಲ್ಲಿ ಕಾಲೇಜುಗಳಿವೆ. ಯಾವ ಕಾಲೇಜಾದರೂ ಭಾರತೀಯ ಪಶುವೈದ್ಯ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಮೊದಲು ಕೇಳಿ. ಮಾನ್ಯತೆಯಿಲ್ಲದ ಪದವಿಗೆ ನೋಂದಣಿಯಿಲ್ಲ, ನೋಂದಣಿಯಿಲ್ಲದೆ ವೈದ್ಯವೃತ್ತಿ ಮಾಡುವಂತಿಲ್ಲ.

ಸಿಂದಗಿ, ಮುದ್ದೇಬಿಹಾಳದವರು ಒಂದು ಮಾತು ನೆನಪಿಡಬೇಕು. ಕಲಬುರಗಿ, ಯಾದಗಿರಿ ನಮಗೆ ಮಗ್ಗುಲಲ್ಲೇ ಇದ್ದರೂ ವಿಜಯಪುರ ಜಿಲ್ಲೆ ಆ ಭಾಗಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಗೆ ಸೇರಿಲ್ಲ. ಬೀದರ್, ರಾಯಚೂರಿನ ಕಾಲೇಜುಗಳಲ್ಲಿ ಆ ಭಾಗದವರಿಗೆ ಮೀಸಲಾದ ಸೀಟು ನಮಗೆ ಸಿಗದು. ನಮಗಿರುವ ಬಲ ಬೇರೆ: ಕೃಷಿಕರ ಮಕ್ಕಳ ಕೋಟಾ, ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿ. ಒಂದರಿಂದ ಹತ್ತನೆಯ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರಗಳನ್ನು ಬಿಇಒ ಸಹಿಯೊಂದಿಗೆ ಮೊದಲೇ ಮಾಡಿಸಿಡಿ. ಕೃಷಿಕ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಸಲಕರಣೆ ಗುರುತಿಸಬೇಕು. ಬಸವನ ಬಾಗೇವಾಡಿಯ ಹುಡುಗನೊಬ್ಬ ಇದಕ್ಕೆಂದು ಕೋಚಿಂಗ್ ಹುಡುಕುತ್ತಿದ್ದ. ಅಪ್ಪನ ಜೊತೆ ಎರಡು ತಿಂಗಳು ಹೊಲಕ್ಕೆ ಹೋಗು ಎಂದು ಕಳಿಸಿದೆ.

ಇಷ್ಟು ಕಳಕಳಿ ಯಾಕೆಂದರೆ, ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಖಿಲಾರಿ ಎತ್ತು ಹೊಟ್ಟೆ ಉಬ್ಬರಿಸಿ ಸತ್ತಿತು. ಡಾಕ್ಟರನ್ನು ಕರೆತರುವಷ್ಟರಲ್ಲಿ ಬೆಳಗಾಗಿತ್ತು. ಆ ವರ್ಷದ ಹಿಂಗಾರಿ ಬಿತ್ತನೆಗೆ ಅಪ್ಪ ಮಂದಿಯ ಎತ್ತಿಗೆ ಕಾದು ಕೂತ. ಹೊಲದ ಹಸಿ ಆರಿಹೋಯಿತು.

ಅದಕ್ಕೇ ಬಂದ ಮಕ್ಕಳಿಗೆಲ್ಲ ಕೊನೆಗೊಂದು ಪ್ರಶ್ನೆ ಕೇಳುತ್ತೇನೆ. ಇಂಡಿಯ ಹುಡುಗಿಗೂ ಕೇಳಿದೆ: “ನಿಮ್ಮ ಎಮ್ಮಿ ಎಷ್ಟನೇ ಸೂಲವಾ?”

“ಮೂರನೇದ್ರಿ ಸರ. ಈ ಸಲ ಹೆಣ್ಣಗರ ಹಾಕೇತ್ರಿ. ಕರ ಅಡ್ಡ ಸಿಕ್ಕಿತ್ತು, ರಾತ್ರಿಯೆಲ್ಲಾ ನಾನೂ ಎದ್ದ ಕುಂತಿದ್ದೆ.”

ಅರ್ಜಿ ಮಡಚಿ ಅವಳ ಕೈಗಿಟ್ಟೆ.